ಬಿಸಿನೀರಿನ ಬುಗ್ಗೆ ಬಿಟ್ಟು ಗಾಣಗಾಪುರಕ್ಕೆ

ಹೋದ ತಿಂಗಳು ಈ ಅಂಕಣ ಬರಲಿಲ್ಲ. ‘ಏನ್ ಸರ್, ಫುಲ್ ಬ್ಯುಸಿನಾ?’ ಅಂತ ಕೆಲವರು ಮೆಸೇಜ್ ಮಾಡಿದ್ದಿರಿ. ಬ್ಯುಸಿ ಇರಲಿಲ್ಲ. ನವೆಂಬರ್ ಎರಡನೇ ವಾರ ನನ್ನ ಕೆಲಸ ಹೋಯಿತು. ಹದಿನೈದು ನಿಮಿಷದ ವಿಡಿಯೊ ಕಾಲ್. ಅದರಲ್ಲೂ ಐದು ನಿಮಿಷ ಅವರ ಮೈಕ್ ಮ್ಯೂಟ್‌ನಲ್ಲಿತ್ತು.

ಆಗಲೇ ಗೆಳೆಯರ ಗ್ರೂಪಿನಲ್ಲಿ ಜನವರಿ ಟ್ರಿಪ್ಪಿನ ಮಾತು ನಡೆದಿತ್ತು. ಹಿಮಾಚಲದ ಮಣಿಕರಣ್. ಪಕ್ಕದಲ್ಲಿ ಕೊರೆಯುವ ಪಾರ್ವತಿ ನದಿ, ದಂಡೆಯ ಮೇಲೆ ಅಕ್ಕಿ ಬೇಯುವಷ್ಟು ಬಿಸಿಯಾದ ಬುಗ್ಗೆ. ತಲೆಗೆ ಇಪ್ಪತ್ತೈದು ಸಾವಿರ. ‘ಊರಲ್ಲಿ ಕೆಲಸ ಇದೆ’ ಅಂದೆ. ಊರಿಗೆ ಬಂದು ‘ವರ್ಕ್ ಫ್ರಮ್ ಹೋಮ್’ ಅಂದೆ. ದಿನಾ ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆರೆದು ಕೂತು, ಖಾಲಿ ಇನ್‌ಬಾಕ್ಸ್ ರಿಫ್ರೆಶ್ ಮಾಡುತ್ತಿದ್ದೆ.

ನಮ್ಮದು ಆಳಂದ ತಾಲೂಕು. ಬಿಸಿನೀರಿನ ಬುಗ್ಗೆ ಬೇಕೆಂದರೆ ದಕ್ಷಿಣ ಕನ್ನಡದ ಪುತ್ತೂರಿನ ಹತ್ತಿರ ಬೆಂದ್ರು ತೀರ್ಥಕ್ಕೆ ಹೋಗಬೇಕು. ನಮ್ಮ ಕಡೆ ಬುಗ್ಗೆ ಇಲ್ಲ. ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲಿನ ಸಿಂಟೆಕ್ಸ್‌ನ ನಲ್ಲಿ ತಿರುಗಿಸಿದರೆ ಮಣಿಕರಣ್ ನಮ್ಮ ಬಚ್ಚಲಿಗೇ ಬರುತ್ತದೆ, ಅದು ಬೇರೆ ಮಾತು.

ಸಂಕ್ರಾಂತಿ ಮುಗಿದ ಮೇಲೆ ಅವ್ವ, ‘ಗಾಣಗಾಪುರಕ್ಕ ಹೋಗಿ ಬರೂಣು. ಮುಂದಿನ ವಾರ ಹೆಣ್ಣಿನ ಮನಿಯವರು ಬರ್ಲತ್ತಾರ’ ಅಂದಳು. ಹೆಣ್ಣಿನ ಮನೆಯವರು ಮಧ್ಯಸ್ಥರ ಕೈಲಿ ಕೇಳಿ ಕಳಿಸಿದ್ದು ಎರಡೇ ಪ್ರಶ್ನೆ: ಯಾವ ಕಂಪನಿ, ಎಷ್ಟು ಪ್ಯಾಕೇಜು.

ಹೊರಟೆವು. ಅವ್ವನಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ನನಗೂ ಅಪ್ಪನಿಗೂ ದುಡ್ಡಿನದು. ಕಲಬುರಗಿಗೆ ಬಂದು ಅಫಜಲಪುರದ ಬಸ್ಸು ಹತ್ತಿ, ಚೌಡಾಪುರದಲ್ಲಿ ಒಳದಾರಿಗೆ ತಿರುಗಬೇಕು. ಇಕ್ಕೆಲದಲ್ಲೂ ಕೊಯ್ದ ತೊಗರಿ ಹೊಲ, ಕಬ್ಬು. ರೈಲಿನಲ್ಲಿ ಬರುವವರು ಒಂದು ನೆನಪಿಡಿ: ‘ಗಾಣಗಾಪುರ ರೋಡ್’ ಸ್ಟೇಷನ್ನಿಗೂ ಊರಿಗೂ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ಗುರುವಾರ, ಹುಣ್ಣಿಮೆ, ಅದರಲ್ಲೂ ದತ್ತ ಜಯಂತಿ ಬಿಟ್ಟು ಹೋಗಿ. ನಾವು ಹೋದದ್ದು ಮಂಗಳವಾರ. ರೂಮು ಸುಲಭವಾಗಿ ಸಿಕ್ಕಿತು.

ಊರು ಚಿಕ್ಕದು. 15ನೇ ಶತಮಾನದಲ್ಲಿ ದತ್ತಾತ್ರೇಯನ ಅವತಾರವೆಂದು ಜನ ನಂಬುವ ನರಸಿಂಹ ಸರಸ್ವತಿ ಇಲ್ಲಿದ್ದರು. ಗುಡಿಯಲ್ಲಿ ಅವರ ನಿರ್ಗುಣ ಪಾದುಕೆ ಇವೆ. ಸಣ್ಣ ಕಿಂಡಿಯಿಂದ ಬಗ್ಗಿ ನೋಡಬೇಕು. ಮಹಾರಾಷ್ಟ್ರದವರೇ ಹೆಚ್ಚು, ಹಾಗಾಗಿ ಅಂಗಡಿ ಬೋರ್ಡು, ಚಹಾದವನ ಮಾತು ಎಲ್ಲದರಲ್ಲೂ ಮರಾಠಿ. ಭಕ್ತರು ಪಾರಾಯಣ ಮಾಡುವ ‘ಗುರುಚರಿತ್ರೆ’ಯೂ ಮರಾಠಿಯದೇ. ಅದನ್ನು ಬರೆದ ಸರಸ್ವತಿ ಗಂಗಾಧರರ ಮನೆಮಾತು ಮಾತ್ರ ಕನ್ನಡವಂತೆ. ಚಹಾದವನೂ ಹಾಗೇ. ನಾನು ಕನ್ನಡದಲ್ಲಿ ಕೇಳಿದ ಕೂಡಲೇ, ‘ಮೊದಲೇ ಹೇಳಬಾರದೇನ್ರಿ’ ಅಂದ.

ಗುಡಿಯಿಂದ ಸುಮಾರು ಮೂರು ಕಿಲೋಮೀಟರ್ ದೂರ ಸಂಗಮ. ಭೀಮೆಗೆ ಅಮರ್ಜಾ ಸೇರುವ ಜಾಗ. ದೇವತೆಗಳಿಗಾಗಿ ಒಯ್ಯುತ್ತಿದ್ದ ಅಮೃತದ ಹನಿ ಬಿದ್ದು ಅಮರ್ಜಾ ಹುಟ್ಟಿತು ಅಂತ ಕಥೆ. ನನಗೆ ಗೊತ್ತಿರುವ ಅಮರ್ಜಾ ನಮ್ಮ ತಾಲೂಕಿನಲ್ಲೇ ಹುಟ್ಟುವ ಹಳ್ಳ. ಕೊರಳ್ಳಿಯಲ್ಲಿ ಅದಕ್ಕೆ ಡ್ಯಾಮ್ ಇದೆ, ಬೇಸಿಗೆಯಲ್ಲಿ ಕಲ್ಲು ಕಾಣುತ್ತವೆ.

ಬೆಳಗಿನ ಐದಕ್ಕೇ ಅಪ್ಪ ಎಬ್ಬಿಸಿದ. ಆಟೋದಲ್ಲಿ ಹಲ್ಲು ಕಟಕಟ. ಆದರೆ ಹೊಳೆಯ ಮೇಲೆ ಹಬೆ ಏಳುತ್ತಿತ್ತು! ಕಾಲಿಟ್ಟರೆ ನೀರು ಬೆಚ್ಚಗಿತ್ತು.

‘ನಿನ್ನ ಗೆಳೆಯರಿಗಿ ಫೋಟೊ ಕಳಸು. ಸೂರ್ಯ ಮ್ಯಾಲ ಬಂದ್ರ ಈ ಬೆಚ್ಚಗಿದ್ದದ್ದು ಸಿಗಂಗಿಲ್ಲ’ ಅಂದ ಅಪ್ಪ, ಎದೆಮಟ್ಟ ನೀರಲ್ಲಿ ನಿಂತು.

ಇದರಲ್ಲಿ ಪವಾಡವೇನಿಲ್ಲ. ನೀರು ಗಾಳಿಯಷ್ಟು ಬೇಗ ತಣಿಯುವುದಿಲ್ಲ. ಚಳಿಗಾಲದ ನಸುಕಿನಲ್ಲಿ ಗಾಳಿ ಕೊರೆಯುವಾಗ ಹೊಳೆ ಬಿಸಿ ಅನ್ನಿಸುತ್ತದೆ. ಹಾಗಂತ ಎಲ್ಲಾ ಚಂದ ಇತ್ತು ಅಂತಲ್ಲ. ಮಿಂದವರು ಬಿಟ್ಟುಹೋದ ಹಳೇ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತಿದ್ದವು, ದಂಡೆಯಲ್ಲಿ ಶಾಂಪೂ ಪಾಕೀಟು. ಇದೇ ಭೀಮೆ 2020ರ ಅಕ್ಟೋಬರ್‌ನಲ್ಲಿ ಉಕ್ಕಿ ಬಂದು ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿದ್ದಳು. ಬೇಸಿಗೆ ಬಂದರೆ ಅದೇ ಊರಿನವರು ಮೇಲಿನಿಂದ ನೀರು ಬಿಡಿ ಅಂತ ಕೇಳುತ್ತಾರೆ.

ಮಧ್ಯಾಹ್ನ ಮಧುಕರಿ. ಗಾಣಗಾಪುರದಲ್ಲಿ ನೋಡಲೇಬೇಕಾದ್ದು ಇದೇ ಅಂತ ನನ್ನ ಅನಿಸಿಕೆ. ಗುರುಗಳು ಇಂದಿಗೂ ಯಾವುದೋ ವೇಷದಲ್ಲಿ ಈ ಹೊತ್ತಿಗೆ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ. ಅದಕ್ಕೇ ಬಂದ ಭಕ್ತರೆಲ್ಲ ಕನಿಷ್ಠ ಐದು ಕಡೆ ಬೇಡಿ ಉಣ್ಣಬೇಕು. ಕಾರಿನಲ್ಲಿ ಬಂದವರೂ ಅಷ್ಟೇ, ಬರಿಗಾಲಲ್ಲಿ ಬಂದವರೂ ಅಷ್ಟೇ. ಗುಡಿ ಸುತ್ತ ಕೆಲವರು ಪಾತ್ರೆ ಇಟ್ಟುಕೊಂಡು ನೀಡುತ್ತಾರೆ, ಉಳಿದವರು ತಾಟು ಒಡ್ಡುತ್ತಾರೆ. ನನ್ನ ಮುಂದೆ ನಿಂತಿದ್ದವರ ಕೈಯಲ್ಲಿ ನನ್ನ ಮೂರು ತಿಂಗಳ ಬಾಡಿಗೆಯಷ್ಟು ಬೆಲೆಯ ವಾಚಿತ್ತು. ಅವರೂ ಜೋಳಿಗೆ ಹಿಡಿದು ಸರದಿಯಲ್ಲಿ ನಿಂತಿದ್ದರು.

ಅಪ್ಪ ಯಾರ ಹತ್ತಿರವೂ ಕೈ ಚಾಚಿದವನಲ್ಲ. ಅತಿವೃಷ್ಟಿಗೆ ತೊಗರಿ ಕೊಳೆತ ವರ್ಷವೂ ನನ್ನ ಕಾಲೇಜು ಫೀಸಿಗೆ ಅವ್ವನ ಬಂಗಾರ ಹೋಯಿತೇ ಹೊರತು, ಖಾಸಾ ತಮ್ಮನ ಮನೆ ಬಾಗಿಲಿಗೆ ಹೋಗಲಿಲ್ಲ. ಅಂಥವನು ಟೋಪಿ ತೆಗೆದು, ಬಗ್ಗಿ, ನನಗಿಂತ ಸಣ್ಣ ಹುಡುಗನೊಬ್ಬನ ಮುಂದೆ ತಾಟು ಒಡ್ಡಿ ನಿಂತ. ಆ ಹುಡುಗ ಒಂದು ಸೌಟು ಅನ್ನ ಹಾಕಿದ. ಅಪ್ಪ ಅದನ್ನು ಹಣೆಗೆ ಒತ್ತಿಕೊಂಡ.

ನನ್ನ ಸರದಿ ಬಂತು. ಕೈ ಏಳಲಿಲ್ಲ. ಎರಡು ತಿಂಗಳಿಂದ ಲಿಂಕ್ಡ್‌ಇನ್‌ನಲ್ಲಿ ಗುರುತಿದ್ದ ಒಬ್ಬರಿಗೂ ‘ನನಗೊಂದು ಕೆಲಸ ಇದ್ರೆ ಹೇಳಿ’ ಅಂತ ಬರೆಯಲು ಆಗಿರಲಿಲ್ಲವಲ್ಲ, ಅದೇ ಕೈ. ಹಿಂದಿನಿಂದ ಒಬ್ಬ ಅಜ್ಜಿ, ‘ಹಿಡಿ ಯಪ್ಪಾ, ನಮಗೂ ಹಸುವಾಗ್ಯಾದ’ ಅಂದಳು. ಹಿಡಿದೆ.

ಐದು ಕಡೆಯದೂ ಒಂದೇ ತಾಟಿನಲ್ಲಿ ಕಲೆತಿತ್ತು: ಅನ್ನ, ಚಪಾತಿ, ಪಲ್ಯ, ಹುಗ್ಗಿ, ಮತ್ತೂ ಅನ್ನ. ಗೋಡೆ ನೆರಳಿಗೆ ಮೂವರೂ ಕೂತೆವು. ಎರಡು ತುತ್ತಾದ ಮೇಲೆ ಹೇಳಿದೆ.

‘ಅಪ್ಪಾ, ನನ್ನ ಕೆಲಸ ಹೋಗ್ಯಾದ.’

ಅಪ್ಪ ತುತ್ತು ಮುಗಿಸಿದ. ‘ಯಾವಾಗ?’

‘ನವೆಂಬರ್‌ದಾಗ.’

‘ಮತ್ತ ಡಿಸೆಂಬರ್‌ದಾಗ ರೊಕ್ಕ ಕಳಿಸಿದೆಲ್ಲ?’

‘ಉಳಿಸಿದ್ದಿತ್ತು.’

‘ಬ್ಯಾಡಾಗಿತ್ತು ತಮ್ಮಾ’ ಅಂದ. ಸಿಟ್ಟಿರಲಿಲ್ಲ. ಬೇಸರ ಇತ್ತು, ಅದು ಕೆಲಸದ್ದಲ್ಲ. ಅವ್ವ ತಲೆ ಎತ್ತದೆ, ‘ನನಗ ಆವಾಗೇ ಸಂಶಯ ಬಂದಿತ್ತು. ಮೊದಲೆಲ್ಲ ಕಾಲ್‌ನ್ಯಾಗ ಒದರತಿದ್ದಿ. ಈ ಸಲ ಬಾಗಿಲಾ ಹಾಕ್ಕೊಂಡು ಸುಮ್ಮ ಕೂಡ್ತಿದ್ದಿ’ ಅಂದಳು. ತನ್ನ ತಾಟಿನ ಹುಗ್ಗಿ ನನ್ನ ತಾಟಿಗೆ ಸರಿಸಿದಳು.

ಕೈ ತೊಳೆದು ಬಂದ ಅಪ್ಪ ನನ್ನ ಫೋನು ಕೇಳಿದ. ಮಧ್ಯಸ್ಥರಿಗೆ ಹಚ್ಚಿಸಿ, ಸುತ್ತಲಿನವರಿಗೆಲ್ಲ ಕೇಳುವಂತೆ, ‘ನೋಡ್ರಿ, ಹುಡುಗನ ಕೆಲಸ ಹೋಗ್ಯಾದ, ಹುಡುಕ್ಲತ್ತಾನ. ಅವರಿಗಿ ಇದನ್ನ ಹೇಳ್ರಿ. ಕೇಳಿದ ಮ್ಯಾಲೂ ಬರ್ತೀವಿ ಅಂದ್ರ ಬರ್ಲಿ’ ಅಂದ. ನಾನು ನೆಲ ನೋಡುತ್ತಿದ್ದೆ. ವಾಚಿನವರು ನಮ್ಮ ಕಡೆ ನೋಡಿದರು, ಮತ್ತೆ ಉಣ್ಣತೊಡಗಿದರು.

ಹೆಣ್ಣಿನ ಮನೆಯವರು ಆ ವಾರ ಬರಲಿಲ್ಲ. ‘ಬ್ಯಾಡ’ ಅಂತಲೂ ಹೇಳಿ ಕಳಿಸಿಲ್ಲ. ಬರುವಾಗ ಬಸ್ಸಿನಲ್ಲಿ ಕೂತು ಹನ್ನೊಂದು ಜನರಿಗೆ ಮೆಸೇಜ್ ಹಾಕಿದ್ದೆ. ನಾಲ್ವರು ಉತ್ತರ ಕೊಟ್ಟಿದ್ದಾರೆ. ಒಬ್ಬರು ಸೋಮವಾರ ಮಾತಾಡೋಣ ಅಂದಿದ್ದಾರೆ. ಎಷ್ಟು ಗಂಟೆಗೆ ಅಂತ ಅಪ್ಪ ಈಗಾಗಲೇ ಎರಡು ಸಲ ಕೇಳಿದ್ದಾನೆ.