ಅಪ್ಪನ ದನಿ ಉಳಿಸಾಕ ಕಂಪನಿ ಪೆಟ್ಟಿಗೆನ ಬೇಕಂತಿಲ್ಲ

ಹಿಪ್ಪರಗಿ ಬ್ಯಾರೇಜಿನ ಸುತ್ತಮುತ್ತ ಯಾವ ಊರಿಗೆ ಹೋದರೂ ನಾಗೊಂದಿಗೆ ಮೇಲೆ, ಇಲ್ಲಾ ಹಳೆ ಟ್ರಂಕಿನೊಳಗೆ ಒಂದಿಷ್ಟು ಕ್ಯಾಸೆಟ್ ಸಿಗುತ್ತವೆ. ಜಾತ್ರೆಯಲ್ಲಿ ಆಡಿದ ಪಾರಿಜಾತ, ಶ್ರಾವಣದ ಭಜನೆ, ಗೀಗೀ ಪದ, ಮೊಹರಂ ಪದ, ಮದುವೆ ಮನೆಯ ಸೋಬಾನೆ. ಹಾಡಿದವರಲ್ಲಿ ಅರ್ಧಕ್ಕರ್ಧ ಮಂದಿ ಈಗಿಲ್ಲ. ಅವರ ದನಿ ಮಾತ್ರ ಆ ಕಂದು ಬಣ್ಣದ ಟೇಪಿನ ಮೇಲೆ ಉಳಿದಿದೆ.

ರಬಕವಿ-ಬನಹಟ್ಟಿ ಕಡೆಯ ನೇಕಾರ ಅಣ್ಣನೊಬ್ಬ ನಮಗೆ ಪರಿಚಯ. ಅವರ ತಂದೆ ಪಾರಿಜಾತದ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಮನೆಯಲ್ಲಿದ್ದ ಒಂಬತ್ತು ಕ್ಯಾಸೆಟ್‌ಗಳನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟರು. "ನಮ್ಮಲ್ಲಿ ಕಂಪನಿ ಮಷಿನ್ ಐತ್ರಿ, ಮನ್ಯಾಗ ಜೋಡಿಸಿದ್ದೆಲ್ಲಾ ಆಟಿಗಿ ಸಾಮಾನು" ಅಂದರಂತೆ ಅಂಗಡಿಯವರು. ಕ್ಯಾಸೆಟ್ ಲೆಕ್ಕದಲ್ಲಿ ರೊಕ್ಕ ತಗೊಂಡರು. ಹದಿನೈದು ದಿನಕ್ಕೆ ಒಂದು ಪೆನ್‌ಡ್ರೈವ್ ಕೊಟ್ಟರು.

ನಾವು ಕೂತು ಕೇಳಿದೆವು. ಎರಡು ಮೈಕ್ ಹಚ್ಚಿ ತುಂಬಿದ್ದ ಟೇಪು ಒಂದೇ ಕಿವಿಯಲ್ಲಿ ಕೇಳುತ್ತಿತ್ತು. ದನಿ ಏರಿದಲ್ಲೆಲ್ಲಾ ಸೀಳಿಹೋಗಿತ್ತು. ಭಾಗವತ ಉಸಿರು ತಗೊಳ್ಳಲು ನಿಂತಲ್ಲೆಲ್ಲಾ ಹಾಡು ಮುಗಿಯಿತೆಂದು ತಿಳಿದು ಮಷಿನ್ ಫೈಲನ್ನು ತುಂಡು ಮಾಡಿತ್ತು. ಕ್ಯಾಸೆಟ್ ವಾಪಸ್ ಕೇಳಿದರೆ ಬಂದದ್ದು ಆರು. "ಉಳಿದ ಮೂರು ಎಲ್ಲಿ ಹೋದುವು ನೋಡಬೇಕ್ರಿ" ಅಂದವರು ಇನ್ನೂ ನೋಡುತ್ತಲೇ ಇದ್ದಾರೆ.

ಈ ಬರಹ ಅಂಗಡಿಯ ಮೇಲಿನ ಸಿಟ್ಟಿಗೆ ಬರೆದದ್ದಲ್ಲ. "ಕಂಪನಿದು ಅಂದ್ರ ಚಲೋ, ಕೈಲೆ ಮಾಡಿದ್ದು ಅಂದ್ರ ಕಚಡಾ" ಅನ್ನುವ ನಂಬಿಕೆ ನಮ್ಮಲ್ಲೇ ಬೇರುಬಿಟ್ಟಿದೆಯಲ್ಲ, ನಮ್ಮ ಜಗಳ ಅದರ ಜೊತೆ.

ಮೊದಲು ಕೆಲಸ ಏನು ಅಂತ ತಿಳಿಯೋಣ. ಬ್ಯಾರೇಜಿನಲ್ಲಿ ನೀರಿನ ಮಟ್ಟ ಅಳೆಯಲು ಗೆರೆ ಹಾಕಿದ ಪಟ್ಟಿ ಇರುತ್ತದೆ. ಸಿಬ್ಬಂದಿ ಹೊತ್ತು ಹೊತ್ತಿಗೆ ನೋಡಿ ಅಂಕಿ ಬರೆದಿಡುತ್ತಾರೆ. ದನಿಯನ್ನು ಡಿಜಿಟಲ್ ಮಾಡುವುದೂ ಇದೇ ರೀತಿ. ದನಿಯ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿ ಬರೆದಿಡುವುದು. 16 ಬಿಟ್ ಅಂದರೆ ಆ ಪಟ್ಟಿಯ ಮೇಲೆ 65,536 ಗೆರೆ ಇವೆ ಅಂತ. ಸಿಡಿಗೆ ಇಟ್ಟ ಅಳತೆ ಇದೇ. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ಈ ಅಳತೆ 22,050ರವರೆಗೆ ಹಿಡಿಯುತ್ತದೆ. ಮನೆಯ ಟೇಪ್ ರೆಕಾರ್ಡರಿನಲ್ಲಿ ತುಂಬಿದ ಹಳೆ ಕ್ಯಾಸೆಟ್ಟಿನಲ್ಲಿ 15,000 ದಾಟಿದರೆ ಅದೇ ಹೆಚ್ಚು.

ಹೀಗಿರುವಾಗ "24 ಬಿಟ್, 192 ಕಿಲೋಹರ್ಟ್ಸ್" ಎಂದು ಪೆಟ್ಟಿಗೆ ಮೇಲೆ ಬರೆದು ಮೂರು ಪಟ್ಟು ರೊಕ್ಕ ಕೇಳುವುದು ಯಾರ ಸಲುವಾಗಿ? ಸ್ಟುಡಿಯೋದಲ್ಲಿ ಹೊಸದಾಗಿ ಹಾಡುವವರಿಗೆ ಅದು ಬೇಕಾದೀತು. ಬಾವಿಯಲ್ಲಿ ನೀರೇ ಮೊಣಕಾಲುದ್ದ ಇರುವಾಗ ಮೋಟಾರಿನ ಎಚ್‌ಪಿ ಏರಿಸಿ ಏನು ಬಂತು?

ಪೆಟ್ಟಿಗೆ ಬಿಚ್ಚಿದರೆ ಇನ್ನೂ ಒಂದು ಗುಟ್ಟು ಗೊತ್ತಾಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಪಿಸಿಎಂ2902 ಅನ್ನುವ ಚಿಪ್ ಇದೆ. ಎರಡೂ ಚಾನೆಲ್, 16 ಬಿಟ್, 48,000ದವರೆಗೆ ಅಳೆಯುತ್ತದೆ, ನೇರವಾಗಿ ಯುಎಸ್‌ಬಿಗೆ ಕೊಡುತ್ತದೆ. ಅಂಗಡಿಯಲ್ಲಿ ಮಾರುವ ಹಲವು ಸಿದ್ಧ ಪೆಟ್ಟಿಗೆಗಳ ಹೊಟ್ಟೆಯಲ್ಲಿರುವುದು ಇದೇ. ಹವ್ಯಾಸಿಗಳು ತರಿಸಿಕೊಳ್ಳುವ ಬರೀ ಬೋರ್ಡಿನ ಮೇಲಿರುವುದೂ ಇದೇ. ನಡುವಿನ ಅಂತರ ಒಂದು ಡಬ್ಬಿ, ನಾಲ್ಕು ಸಾಕೆಟ್ಟು, ಒಂದು ಹೆಸರು. ನಾವು ಬೋರ್ಡು, ಕೆಂಪು-ಬಿಳಿ ಪಿನ್ನಿನ ವೈರು, ಸಾಕೆಟ್ಟು ಎಲ್ಲ ತಂದು ಐಟಿಐ ಓದಿದ ಹುಡುಗನ ಕೈಯಲ್ಲಿ ಸೋಲ್ಡರ್ ಮಾಡಿಸಿದೆವು. ಒಂದು ಚೀಲ ಡಿಎಪಿ ಗೊಬ್ಬರದ ರೊಕ್ಕದೊಳಗೆ ಕೆಲಸ ಮುಗಿಯಿತು. ಡಬ್ಬಿಯಾಗಿ ಕೂತದ್ದು ಖಾಲಿ ಊಟದ ಡಬ್ಬಿ.

ಕೈಯಲ್ಲಿ ಮಾಡಿದ್ದನ್ನು ನೋಡಿ ನಗುವವರಿಗೆ ಒಂದು ಹಳೆ ಸುದ್ದಿ. 1980ರ ದಶಕದಲ್ಲಿ ಆ್ಯಪಲ್‌ನ ಮ್ಯಾಕಿಂತೋಷ್ ಕಂಪ್ಯೂಟರಿಗೆ ದನಿ ತುಂಬುವ 'ಮ್ಯಾಕ್‌ರೆಕಾರ್ಡರ್' ಅನ್ನುವ ಸಾಧನ ಹೆಸರು ಮಾಡಿತು. ಅದು ಹುಟ್ಟಿದ್ದು ಅಮೆರಿಕದ ಬರ್ಕ್ಲಿಯ ಬಳಕೆದಾರರ ಗುಂಪಿನಲ್ಲಿ, ಹವ್ಯಾಸಿಗಳ ಕೈಯಲ್ಲಿ. ಫ್ಯಾರಲಾನ್ ಕಂಪನಿ ಅದನ್ನು ಪೆಟ್ಟಿಗೆಗೆ ಹಾಕಿ ಮಾರಿದ್ದು ಆಮೇಲೆ. ಇವತ್ತು ನಾವು ದನಿ ತುಂಬಲು ಬಳಸುವ ಅಡಾಸಿಟಿ ತಂತ್ರಾಂಶವೂ 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ 2000ದಲ್ಲಿ ಹೊರಬಂತು. ಇವತ್ತಿಗೂ ಪುಕ್ಕಟೆ.

ಕಂಪನಿ ಪೆಟ್ಟಿಗೆಯಲ್ಲಿ ಗುಣವೇ ಇಲ್ಲ ಅಂತ ನಾವು ಹೇಳುವುದಿಲ್ಲ. ಲೋಹದ ಡಬ್ಬಿ ಇರುವುದರಿಂದ ಕರೆಂಟಿನ ಗುಂಯ್ ಸಪ್ಪಳ ಕಡಿಮೆ ಬರುತ್ತದೆ. ಸೋಲ್ಡರ್ ಗೊತ್ತಿಲ್ಲದವರು ತಂದು ಸಿಗಿಸಿದರೆ ಸಾಕು. ಅಂಥ ಪೆಟ್ಟಿಗೆ ನಿಮ್ಮಲ್ಲಿದ್ದರೆ ಬಳಸಿರಿ. ಆದರೆ ಕ್ಯಾಸೆಟ್ ನುಂಗಿ ನೇರ ಎಂಪಿ3 ಉಗುಳುವ ಅಗ್ಗದ ಮಷಿನ್ನಿಗೆ ಮಾತ್ರ ಅಪ್ಪನ ದನಿ ಕೊಡಬೇಡಿರಿ. ಅದರ ಹೆಡ್ಡು ಸರಿಪಡಿಸಲು ಆಗುವುದಿಲ್ಲ, ದನಿಯ ಮಟ್ಟ ನೋಡಲು ಆಗುವುದಿಲ್ಲ, ಎಲ್ಲಿ ತುಂಡು ಮಾಡಬೇಕು ಅನ್ನುವುದೂ ಅದರದ್ದೇ ತೀರ್ಮಾನ.

ಕೈಯಿಂದ ಮಾಡಿದ್ದೂ ಕೆಡುತ್ತದೆ. ನಮ್ಮ ಮೊದಲ ಎರಡು ಕ್ಯಾಸೆಟ್ ಕೆಟ್ಟವು, ಮತ್ತೆ ತುಂಬಿದೆವು. ಕಲಿತದ್ದು ಇಷ್ಟು:

ಟೇಪ್ ಹಾಕುವ ಮೊದಲು ಹೆಡ್ಡು, ರಬ್ಬರ್ ರೋಲರ್ ಒರೆಸಿರಿ. ಹೆಡ್ಡಿಗೆ ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸಿಗಿಸಬೇಡಿರಿ. ಅದು ಒಂದೇ ಚಾನೆಲ್ಲಿನದು, ದನಿಯೂ ಸೀಳುತ್ತದೆ. ಆ ಪೇಟೆ ಅಂಗಡಿಯಲ್ಲಿ ಆದದ್ದೂ ಇದೇ ಇರಬೇಕು ಅಂತ ನಮ್ಮ ಅಂದಾಜು.

ಟೇಪಿನ ವಾಲ್ಯೂಮ್ ಕಾಲುಭಾಗದಿಂದ ಶುರು ಮಾಡಿರಿ. ಅಡಾಸಿಟಿಯ ಪಟ್ಟಿ ಮೈನಸ್ 6 ದಾಟದಂತೆ ನೋಡಿಕೊಳ್ಳಿರಿ.

ಗುಂಯ್ ಅಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿರಿ.

ಮೊದಲು ಡಬ್ಲ್ಯೂಎವಿ ಫೈಲ್ ಇಡಿರಿ. ಒಂದು ತಾಸಿಗೆ ಸುಮಾರು 635 ಎಂಬಿ ಆಗುತ್ತದೆ. ವಾಟ್ಸಾಪಿಗೆ ಬೇಕಾದರೆ ಅದರಿಂದ ಎಂಪಿ3 ಮಾಡಿಕೊಳ್ಳಿರಿ.

ಕೆಲಸ ಮುಗಿದ ಮೇಲೂ ಮೂಲ ಕ್ಯಾಸೆಟ್ ಒಗೆಯಬೇಡಿರಿ.

ನಮ್ಮ ಪಕ್ಕದ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದವರು. 1965ರಲ್ಲಿ ತೀರಿಕೊಂಡರು. ಅವರ ದನಿ ಇವತ್ತಿಗೂ ಮೊಬೈಲಿನಲ್ಲಿ ಸಿಗುತ್ತದೆ. ಯಾಕೆಂದರೆ ಗ್ರಾಮಾಫೋನ್ ತಟ್ಟೆಗಳು ಬಹಳ ಪ್ರತಿ ಮಾರಾಟವಾಗಿದ್ದವು, ಎಲ್ಲೋ ಒಬ್ಬರ ಮನೆಯಲ್ಲಿ ಒಂದಾದರೂ ಉಳಿಯಿತು. ನಿಮ್ಮ ಊರಿನ ಪಾರಿಜಾತದ ಕ್ಯಾಸೆಟ್‌ಗೆ ಎರಡನೇ ಪ್ರತಿ ಇಲ್ಲ. ಕುಲಗೋಡ ತಮ್ಮಣ್ಣನ ಆಟ ಪುಸ್ತಕದಲ್ಲಿ ಉಳಿದೀತು. ನಿಮ್ಮೂರ ಕೊರವಂಜಿ ಅದನ್ನು ಹೆಂಗೆ ಹಾಡಿದಳು ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಮನೆಯೊಳಗೆ ಬಂದಾಗ ಇಂಥ ಎಷ್ಟು ಟ್ರಂಕು ನೀರಾಗ ನಿಂತವೋ, ನದಿ ದಂಡೆಯವರಿಗೆ ನಾವು ಹೇಳಬೇಕಾಗಿಲ್ಲ.

ಹಕ್ಕಿನ ಮಾತೂ ಒಂದಿದೆ. ನಕಲು ಮಾಡಿಕೊಟ್ಟ ಮಾತ್ರಕ್ಕೆ ಅಂಗಡಿಯವರಿಗೆ ಆ ಹಾಡಿನ ಮೇಲೆ ಹಕ್ಕು ಬರುವುದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವ, ನುಡಿಸುವ ಕಲಾವಿದರಿಗೆ 50 ವರ್ಷದ ಪ್ರದರ್ಶಕರ ಹಕ್ಕು ಇದೆ. ನಿಮ್ಮ ಟೇಪು ಬೇರೆಯವರ ಚಾನೆಲ್ಲಿನಲ್ಲಿ ಅವರ ಲೋಗೋ ಹಚ್ಚಿಕೊಂಡು ಕಾಣಿಸಿದರೆ ಸುಮ್ಮನಿರಬೇಡಿರಿ. ಅದೇ ನ್ಯಾಯ ನಮಗೂ ಇದೆ. ಕಂಪನಿ ಬಿಡುಗಡೆ ಮಾಡಿದ ಕ್ಯಾಸೆಟ್ಟನ್ನು ನಮ್ಮದೆಂದು ಯೂಟ್ಯೂಬಿಗೆ ಏರಿಸುವುದು ತಪ್ಪು.

ನಮ್ಮ ಬೇಡಿಕೆ ದೊಡ್ಡದಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರೂ ಬಂದಿವೆ. ಅಲ್ಲಿ ಒಂದು ಒಳ್ಳೆ ಟೇಪ್ ರೆಕಾರ್ಡರ್, ಕೈಯಲ್ಲಿ ಜೋಡಿಸಿದ ಒಂದು ಕಿಟ್, ಕಲಿಸಲು ಒಂದು ಭಾನುವಾರ. ಕರ್ನಾಟಕ ಬಯಲಾಟ ಅಕಾಡೆಮಿ ನಮ್ಮ ಬಾಗಲಕೋಟೆಯಲ್ಲೇ ಇದೆ. ತುಂಬಿದ ದನಿಯ ಒಂದು ಪ್ರತಿ ಅಲ್ಲಿಗೆ ಹೋಗಲಿ, ಒಂದು ಮನೆಯಲ್ಲಿರಲಿ. ಟೆಂಡರ್ ಕರೆದು ಬೀಗ ಹಾಕಿದ ಪೆಟ್ಟಿಗೆ ತಂದಿಡಬೇಡಿರಿ. ಕೆಟ್ಟರೆ ಊರ ಹುಡುಗನೇ ಬಿಚ್ಚಿ ರಿಪೇರಿ ಮಾಡುವಂಥದ್ದು ಇರಲಿ.

ವಾಪಸ್ ಬಂದ ಆ ಆರು ಕ್ಯಾಸೆಟ್ಟನ್ನು ನಾವು ಮತ್ತೆ ತುಂಬಿದೆವು. ಒಂದರ ಕೊನೆಗೆ, ಆಟ ಮುಗಿದ ಮೇಲೂ ಟೇಪ್ ಓಡುತ್ತಲೇ ಇತ್ತು. ಅಂಗಡಿಯ ಫೈಲಿನಲ್ಲಿ ಆ ಭಾಗ ಇರಲೇ ಇಲ್ಲ. ಹಾರ್ಮೋನಿಯಂ ಮುಚ್ಚಿದ ಸಪ್ಪಳ, ಆಮೇಲೆ ಒಂದು ದನಿ: "ಏ ತಮ್ಮಾ, ಎಲ್ಲಾರಿಗೂ ಚಹಾ ಆತೇನೋ?"

ನೇಕಾರ ಅಣ್ಣ ಅದನ್ನ ಮೂರು ಸಲ ಹಾಕಿಸಿ ಕೇಳಿದರು. "ನಮ್ಮಪ್ಪರಿ" ಅಂದರು. ಉಳಿದ ಮೂರು ಕ್ಯಾಸೆಟ್ಟಿನಲ್ಲಿ ಏನಿತ್ತೋ, ಅದು ಇನ್ನು ಯಾರಿಗೂ ಕೇಳಲು ಸಿಗುವುದಿಲ್ಲ.