ಬಲ ಬೇರೆ, ಬಾಳಿಕೆ ಬೇರೆ

ಗಾಳಿ ನೀರುಗಳಿಲ್ಲದ ಬಾಹ್ಯಾಕಾಶದಲ್ಲಿ ಕಬ್ಬಿಣ ತುಕ್ಕು ಹಿಡಿಯದು, ಅರಿವೆ ಜೀರ್ಣವಾಗದು, ಆದುದರಿಂದ ಅಲ್ಲಿರಿಸಿದ ವಸ್ತು ಅಕ್ಷಯವೆಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ‘ಶೂನ್ಯ’ವೆಂಬ ಶಬ್ದವೇ ಈ ಭ್ರಾಂತಿಗೆ ಆಸ್ಪದವಿತ್ತಿದೆ. ಭೂಮಿಯಿಂದ ನಾನೂರು ಕಿಲೋಮೀಟರ್ ಎತ್ತರದಲ್ಲಿಯೂ ಆಮ್ಲಜನಕದ ಲೇಶವಿದೆ. ಸೂರ್ಯನ ಅತಿನೇರಳೆ ಕಿರಣಗಳು ಅದರ ಅಣುಗಳನ್ನು ಸೀಳಿ ಒಂಟಿ ಪರಮಾಣುಗಳನ್ನಾಗಿಸುತ್ತವೆ. ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗದಿಂದ ಧಾವಿಸುವ ನೌಕೆಯು ಇವುಗಳಿಗೆ ಎದುರಾಗಿ ಅಪ್ಪಳಿಸುವಾಗ, ಅದರ ಮುಂಭಾಗದ ಪ್ಲಾಸ್ಟಿಕ್ಕನ್ನು ಇವು ಗೆದ್ದಲಿನಂತೆ ತಿನ್ನುತ್ತವೆ. ಇದರೊಡನೆ ಬಿಸಿಲಿಗೆ ಹಿಗ್ಗಿ ನೆರಳಿಗೆ ಕುಗ್ಗುವ ಪಾಡು, ದಿನಕ್ಕೆ ಸುಮಾರು ಹದಿನಾರು ಬಾರಿ.

1984ರ ಏಪ್ರಿಲ್‌ನಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಎಲ್‌ಡೆಫ್ ಎಂಬ, ಬಸ್ಸಿನಷ್ಟು ದೊಡ್ಡದಾದ ಉಪಗ್ರಹವನ್ನು ಕಕ್ಷೆಯಲ್ಲಿ ಬಿಟ್ಟಿತು. ಲೋಹ, ಗಾಜು, ಬಣ್ಣ, ಇಂಗಾಲದ ನಾರಿನ ಹಲಗೆ ಮೊದಲಾದ 10,000ಕ್ಕೂ ಹೆಚ್ಚು ಮಾದರಿಗಳನ್ನು ಹೊತ್ತು ಸುಮ್ಮನೆ ತೆರೆದುಕೊಂಡಿರುವುದೇ ಅದರ ಕಾರ್ಯ. (ಶಾಲಾಬಾಲಕರಿಗೆ ಹಂಚಲೆಂದು ಟೊಮೇಟೊ ಬೀಜಗಳನ್ನೂ ಇರಿಸಿದ್ದರೆಂಬುದು ಉಪಾಧ್ಯಾಯನಾದ ನನಗೆ ವಿಶೇಷ ಸಂತೋಷದ ಸಂಗತಿ.) ಒಂದು ವರ್ಷದಲ್ಲಿ ಮರಳಬೇಕಾಗಿದ್ದ ಅದು, 1986ರ ಚಾಲೆಂಜರ್ ದುರಂತವೇ ಮೊದಲಾದ ವಿಘ್ನಗಳಿಂದ, 1990ರ ಜನವರಿಯವರೆಗೆ ಅಲ್ಲಿಯೇ ಉಳಿಯಿತು. ಆ ವಿಳಂಬವೇ ವರವಾಯಿತೆಂದು ನನ್ನ ಮತ. ಸದಾ ಒಂದೇ ಮುಖವನ್ನು ಮುಂದಿಟ್ಟು ಚಲಿಸಿದ ಅದರಲ್ಲಿ, ಮುಂಬದಿಯ ತೆಳು ಪ್ಲಾಸ್ಟಿಕ್ ಹಾಳೆಗಳು ಕರಗಿಯೇ ಹೋಗಿದ್ದವು. ನಾರಿನ ಹಲಗೆಗಳ ಮೈ ಸವೆದಿತ್ತು. ಹಿಂಬದಿಯ ಮಾದರಿಗಳಿಗೆ ಈ ಸವೆತ ಬಹುಮಟ್ಟಿಗೆ ತಟ್ಟಿರಲಿಲ್ಲ. ಧೂಳಿನ ಕಣಗಳು ತೋಡಿದ ಕುಳಿಗಳಂತೂ ಸಾವಿರಾರು. ಕೂದಲೆಳೆಗಿಂತ ಎಷ್ಟೋ ತೆಳುವಾದ ಲೇಪವನ್ನು ಹೊದ್ದ ಹಲಗೆಗಳಾದರೋ ಉಳಿದುಕೊಂಡಿದ್ದವು.

ವಸ್ತುವನ್ನು ಎಳೆದು, ಬಗ್ಗಿಸಿ ಅದರ ಬಲವನ್ನು ಒಂದು ದಿನದಲ್ಲಿ ಅಳೆಯಬಹುದು. ಬಾಳಿಕೆಯನ್ನು ಅಳೆಯಲು ವರ್ಷಗಳು ಬೇಕು. ಕಿರಣ, ಶಾಖ, ಪರಮಾಣು, ಧೂಳು ಇವನ್ನು ಪ್ರಯೋಗಶಾಲೆಯಲ್ಲಿ ಬೇರೆಬೇರೆಯಾಗಿ ಪರೀಕ್ಷಿಸಿ ಕೂಡಿಸಿದರೆ ನಿಜವಾದ ಲೆಕ್ಕ ಸಿಗದು. ಕಿರಣದಿಂದ ಬಿರುಕಿಟ್ಟ ಲೇಪದ ಸಂದಿನಲ್ಲಿಯೇ ಪರಮಾಣು ನುಸುಳುವುದು. ಆದರೆ ಉಡ್ಡಯನದ ಜ್ವಾಲೆಗೆ ಚಪ್ಪಾಳೆ ತಟ್ಟುವ ನಾವು ಇಂಥ ನಿಧಾನದ ಪರೀಕ್ಷೆಯನ್ನು ಕೇಳುವುದೇ ಇಲ್ಲ.

2035ರ ಹೊತ್ತಿಗೆ ಭಾರತವು ತನ್ನದೇ ಅಂತರಿಕ್ಷ ನಿಲ್ದಾಣವನ್ನು ಕಟ್ಟಬೇಕೆಂಬ ಗುರಿಯನ್ನು 2023ರಲ್ಲಿ ಸರ್ಕಾರ ಪ್ರಕಟಿಸಿತು. ಅದರ ಗೋಡೆಯೊಳಗೆ ನಮ್ಮ ಮಕ್ಕಳೇ ಉಸಿರಾಡುವವರು. ಆ ಗೋಡೆಗೆ, ಅದರ ಲೇಪಕ್ಕೆ, ಬೆಸುಗೆಗೆ ಬಳಸಲಿರುವ ವಸ್ತುಗಳ ತುಣುಕುಗಳನ್ನು ಈಗಲೇ ಕಕ್ಷೆಗೆ ಕಳುಹಿಸಿ, ವರ್ಷಗಟ್ಟಲೆ ಬಿಟ್ಟು, ಮರಳಿ ತಂದು ನೋಡಬೇಕು. ಇದಕ್ಕೆ ತಗಲುವ ಹಣವನ್ನೂ ಕಾಲವನ್ನೂ ಯಾರೂ ದಂಡವೆಂದೆಣಿಸಬಾರದು.