ವಾಹನವಿಲ್ಲದ ಹಾದಿಯಲ್ಲಿ ಸೈಕಲ್ ಪಯಣ

ಯುಗಾದಿ ಕಳೆಯುತ್ತಿದ್ದಂತೆ ಶ್ರೀಮಠದ ಭಕ್ತರಲ್ಲಿ ಹಲವು ಹಿರಿಯ ದಂಪತಿಗಳು ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೊರಡುತ್ತಾರೆ. ಹೊರಡುವ ಮುನ್ನ ಚಿಕಿತ್ಸಾಲಯಕ್ಕೆ ಬಂದು ಮಂಡಿನೋವಿಗೆ ತೈಲ, ಮಲಬದ್ಧತೆಗೆ ತ್ರಿಫಲಾ ಚೂರ್ಣ ಕಟ್ಟಿಸಿಕೊಂಡು ಹೋಗುವುದು ವಾಡಿಕೆ. ಐದಾರು ತಿಂಗಳ ನಂತರ ಮರಳಿ ಬಂದಾಗ ತೂಕ ಏರಿರುತ್ತದೆ, ಮಂಡಿ ಮತ್ತಷ್ಟು ಬಿಗಿದಿರುತ್ತದೆ, ನಿದ್ರೆ ಕೆಟ್ಟಿರುತ್ತದೆ. ಕೇಳಿದರೆ ಸಿಗುವ ಉತ್ತರ ಒಂದೇ: ಅಲ್ಲಿ ಕಾರಿಲ್ಲದೆ ಹೊರಗೆ ಕಾಲಿಡುವಂತಿಲ್ಲ. ವಾಷಿಂಗ್ಟನ್, ಮೇರಿಲ್ಯಾಂಡ್, ವರ್ಜೀನಿಯಾ ಕಡೆಗೆ ಹೋಗುವವರ ಮಟ್ಟಿಗಾದರೂ ಈ ಮಾತು ಪೂರ್ಣ ಸತ್ಯವಲ್ಲ. ಕಾರು ಕಾಲಿಡಲಾಗದ ಹಾದಿಯೊಂದು ಆ ನಗರದಲ್ಲಿಯೇ ಆರಂಭವಾಗುತ್ತದೆ.

ವಾಷಿಂಗ್ಟನ್ನಿನಿಂದ ಪಿಟ್ಸ್‌ಬರ್ಗ್‌ವರೆಗೆ ಸಾಗುವ ಈ ಹಾದಿಯ ಉದ್ದ ಸುಮಾರು 540 ಕಿ.ಮೀ. ಮೊದಲ 297 ಕಿ.ಮೀ. ಪೊಟೊಮ್ಯಾಕ್ ನದಿಯ ದಂಡೆಯನ್ನೇ ಹಿಡಿದು, ಮರಗಳ ನೆರಳಿನಲ್ಲಿ ಕಂಬರ್‌ಲ್ಯಾಂಡ್ ಎಂಬ ಊರನ್ನು ತಲುಪುತ್ತದೆ. ಇದು ಚೆಸಪೀಕ್ ಮತ್ತು ಓಹಾಯೊ ಎಂಬ ಹಳೆಯ ಕಾಲುವೆಯ ಏರಿ. ಅಲ್ಲಿಂದ ಮುಂದಿನ 240 ಕಿ.ಮೀ. ಹಾದಿಗೆ ಗ್ರೇಟ್ ಅಲೆಗೇನಿ ಪ್ಯಾಸೇಜ್ ಎಂದು ಹೆಸರು. ಸಂಚಾರ ನಿಂತುಹೋದ ರೈಲುಮಾರ್ಗಗಳ ಮೇಲೆ ನಿರ್ಮಿಸಿದ ಇದು 2013ರಲ್ಲಿ ಪೂರ್ಣಗೊಂಡಿತು. ಅಲ್ಲಲ್ಲಿ ಅಡ್ಡರಸ್ತೆಗಳನ್ನು ದಾಟಬೇಕಾಗುವುದು ನಿಜ. ಉಳಿದಂತೆ ಬಹುಪಾಲು ದೂರ ಸೈಕಲ್ ಸವಾರರು, ಪಾದಚಾರಿಗಳು, ಹಕ್ಕಿಗಳು, ನೀರಿನ ಸದ್ದು ಇಷ್ಟೇ.

ವೈದ್ಯನಾಗಿ ನನ್ನ ಗಮನ ಸೆಳೆದದ್ದು ಈ ಹಾದಿಯ ಇಳಿಜಾರು. 1828ರ ಜುಲೈ 4ರಂದು ಆರಂಭವಾದ ಆ ಕಾಲುವೆ 1850ರಲ್ಲಿ ಕಂಬರ್‌ಲ್ಯಾಂಡ್ ಮುಟ್ಟಿತು. ಸರಕು ತುಂಬಿದ ದೋಣಿಗಳನ್ನು ದಡದ ಮೇಲೆ ನಡೆಯುವ ಹೇಸರಗತ್ತೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಕಾಲುವೆಯ ನೀರು ಏರನ್ನು ಹತ್ತಲಾರದು. ಆದ್ದರಿಂದ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ 74 ಕಲ್ಲಿನ ತೊಟ್ಟಿಗಳನ್ನು, ಅಂದರೆ ಲಾಕ್‌ಗಳನ್ನು ಕಟ್ಟಿದರು. ದಾರಿ ಏರುವುದೂ ಆ ಮೆಟ್ಟಿಲುಗಳ ಬಳಿ ಮಾತ್ರ. 297 ಕಿ.ಮೀ. ಸಾಗಿದರೂ ಒಟ್ಟು ಏರಿಕೆ 184 ಮೀಟರ್ ಅಷ್ಟೆ. ಮುಂದಿನ ರೈಲುಹಾದಿ ಬೆಟ್ಟವನ್ನು ದಾಟಿ ಸಮುದ್ರಮಟ್ಟದಿಂದ 729 ಮೀಟರ್ ಎತ್ತರಕ್ಕೆ ಹೋಗುತ್ತದೆಯಾದರೂ, ಉಗಿಬಂಡಿ ಕಡಿದಾದ ಏರನ್ನು ಹತ್ತಲಾರದಾದುದರಿಂದ ಎಲ್ಲಿಯೂ ನೂರಕ್ಕೆ ಎರಡರಷ್ಟೂ ಏರಿಲ್ಲ. ಹೇಸರಗತ್ತೆಗೂ ಉಗಿಬಂಡಿಗೂ ಒಗ್ಗಿದ ಈ ಮಂದವಾದ ಏರು ಅರವತ್ತು ದಾಟಿದ ಮಂಡಿಗೂ ಒಗ್ಗುತ್ತದೆ.

ಈ ಹಾದಿ ಇಂದು ಉಳಿದಿರುವುದೇ ಒಂದು ಹಟದಿಂದ. 1924ರ ಪ್ರವಾಹದ ನಂತರ ಕಾಲುವೆಯಲ್ಲಿ ದೋಣಿ ಸಂಚಾರ ನಿಂತುಹೋಯಿತು. ಮುಂದೆ, ಅದರ ಜಾಡಿನಲ್ಲಿಯೇ ಮೋಟಾರು ರಸ್ತೆಯೊಂದನ್ನು ಮಾಡಬೇಕೆಂಬ ಯೋಜನೆ ಸಿದ್ಧವಾಯಿತು. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಆ ಯೋಜನೆಯನ್ನು ಬೆಂಬಲಿಸಿ ಸಂಪಾದಕೀಯ ಬರೆಯಿತು. ಅದನ್ನು ಓದಿದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರು ವಾದಪತ್ರ ಬರೆದು ಸುಮ್ಮನಾಗಲಿಲ್ಲ. ನನ್ನೊಡನೆ ಈ ದಾರಿಯನ್ನು ನಡೆದು ನೋಡಿ, ಆಮೇಲೆ ಬರೆಯಿರಿ ಎಂದು ಸಂಪಾದಕರನ್ನೇ ಆಹ್ವಾನಿಸಿದರು. ಮಾರ್ಚ್ ತಿಂಗಳಲ್ಲಿ ಕಂಬರ್‌ಲ್ಯಾಂಡ್‌ನಿಂದ 58 ಜನರು ಹೊರಟರು. ಎಂಟು ದಿನಗಳಲ್ಲಿ ಪೂರ್ಣ ದೂರ ನಡೆದವರು ಡಗ್ಲಸ್ಸರೂ ಸೇರಿ ಒಂಬತ್ತೇ ಮಂದಿ. ಆದರೂ ಪತ್ರಿಕೆ ತನ್ನ ನಿಲುವನ್ನು ಬದಲಿಸಿತು, ರಸ್ತೆಯ ಯೋಜನೆ ಬಿದ್ದುಹೋಯಿತು, 1971ರಲ್ಲಿ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಡಗ್ಲಸ್ಸರಿಗೆ ಆಗ ಐವತ್ತೈದು ವರ್ಷ ವಯಸ್ಸು. ನಮ್ಮಲ್ಲಿ ಆ ವಯಸ್ಸಿಗೆ ಲಿಫ್ಟ್ ಕೆಟ್ಟಿದ್ದರೆ ಮೇಲಿನ ಮಹಡಿಯ ಕೆಲಸವನ್ನು ನಾಳೆಗೆ ಮುಂದೂಡುವವರೇ ಹೆಚ್ಚು.

ಇನ್ನು ಆಯುರ್ವೇದದ ದೃಷ್ಟಿ. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ವ್ಯಾಯಾಮದ ಫಲವಾಗಿ ಶರೀರದ ಲಾಘವ, ಕಾರ್ಯಸಾಮರ್ಥ್ಯ, ಅಗ್ನಿದೀಪ್ತಿ, ಮೇದಸ್ಸಿನ ಕ್ಷಯ ಇವುಗಳನ್ನು ಹೇಳಿ, ಕೂಡಲೇ ವಾತಪಿತ್ತ ರೋಗಿಗಳು, ಬಾಲರು, ವೃದ್ಧರು, ಅಜೀರ್ಣವುಳ್ಳವರು ಅದನ್ನು ಬಿಡಬೇಕು ಎನ್ನುತ್ತಾರೆ. ಬಲವಂತರಿಗೂ ಚಳಿಗಾಲ ಹಾಗೂ ವಸಂತದಲ್ಲಿ ಅರ್ಧಶಕ್ತಿಯಷ್ಟು, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ ಎಂಬ ಕಟ್ಟಳೆ ಇದೆ. ವೃದ್ಧರಿಗೆ ನಿಷೇಧವಿರುವಾಗ ವೈದ್ಯರು ಸೈಕಲ್ ತುಳಿಯಲು ಹೇಳುವುದು ಹೇಗೆ ಎಂದು ಶಾಸ್ತ್ರ ಬಲ್ಲ ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಸರಿಯಾದ ಪ್ರಶ್ನೆಯೇ. ಆದರೆ ಸುಶ್ರುತರು ಶ್ರಮದಾಯಕವಾದ ವ್ಯಾಯಾಮದಿಂದ ಪ್ರತ್ಯೇಕವಾಗಿ ಚಂಕ್ರಮಣವನ್ನು, ಎಂದರೆ ದೇಹಕ್ಕೆ ಅತಿಯಾದ ಪೀಡೆಯಾಗದಂತಹ ಅಡ್ಡಾಟವನ್ನು ಹೇಳಿ, ಅದು ಆಯುಷ್ಯ, ಬಲ, ಮೇಧೆ, ಅಗ್ನಿಗಳನ್ನು ಕೊಡುವುದೆಂದು ಕೊಂಡಾಡಿದ್ದಾರೆ. ಸಮತಟ್ಟಾದ, ನೆರಳಿರುವ, ಅವಸರವಿಲ್ಲದ ಹಾದಿಯಲ್ಲಿ ನಿಧಾನವಾಗಿ ಸೈಕಲ್ ತುಳಿಯುವುದನ್ನು ನಾನು ವ್ಯಾಯಾಮದ ಸಾಲಿಗಿಂತ ಚಂಕ್ರಮಣದ ಸಾಲಿಗೇ ಸೇರಿಸುತ್ತೇನೆ. ಸಂಧಿವಾತದವರಿಗೆ ಇದರಲ್ಲಿ ನಡಿಗೆಗಿಲ್ಲದ ಲಾಭವೂ ಇದೆ: ದೇಹದ ಭಾರವನ್ನು ಆಸನವೇ ಹೊರುವುದರಿಂದ ಮಂಡಿ ಹಗುರವಾಗಿ ಆಡುತ್ತದೆ.

ಇದೇ ಸೈಕಲ್ಲನ್ನು ಹೆದ್ದಾರಿಯ ಅಂಚಿನಲ್ಲಿ ತುಳಿದರೆ ಫಲ ಬೇರೆ. ಭಯ, ಶೋಕಗಳಿಂದ ವಾಯು ಕೆರಳುವುದೆಂದು ನಮ್ಮ ಸಂಹಿತೆಗಳು ಸ್ಪಷ್ಟವಾಗಿ ಹೇಳುತ್ತವೆ. ಬೆನ್ನ ಹಿಂದೆ ಲಾರಿಯ ಹಾರ್ನ್ ಕೇಳಿದಾಗ ಹೆಗಲು ಬಿಗಿಯುತ್ತದೆ, ಉಸಿರು ಮೊಟಕಾಗುತ್ತದೆ, ಕೈ ಹ್ಯಾಂಡಲ್ಲನ್ನು ಅದುಮಿ ಹಿಡಿಯುತ್ತದೆ. ಕಾಲು ಗಳಿಸಿದ್ದನ್ನು ಮನಸ್ಸು ಕಳೆಯುತ್ತದೆ. ಹೊಗೆ, ಧೂಳಿನ ಮಾತು ಬೇರೆ. ಆದ್ದರಿಂದ ದಟ್ಟ ಸಂಚಾರದ ರಸ್ತೆಯಲ್ಲಿ ಸೈಕಲ್ ತುಳಿಯಿರಿ ಎಂದು ವಯಸ್ಸಾದವರಿಗೆ ನಾನು ಎಂದೂ ಹೇಳುವುದಿಲ್ಲ. ಶಿರಸ್ತ್ರಾಣ ಧರಿಸಿ, ಎಚ್ಚರದಿಂದಿರಿ ಎಂದು ಸವಾರನಿಗಷ್ಟೇ ಬುದ್ಧಿ ಹೇಳುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಔಷಧಕ್ಕೆ ಅನುಪಾನವಿದ್ದಂತೆ ಚಲನೆಗೆ ಹಾದಿ. ಅನುಪಾನ ಕೆಟ್ಟರೆ ಔಷಧವೂ ಕೆಡುತ್ತದೆ.

ಹೊರಡುವವರಿಗೆ ಕೆಲವು ಸೂಚನೆಗಳು. ಹೃದ್ರೋಗವಿರುವವರು ತಮ್ಮ ವೈದ್ಯರ ಅನುಮತಿ ಪಡೆಯದೆ ಹೊರಡಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ದಾರಿಯಲ್ಲಿ ಸಕ್ಕರೆ ಕುಸಿಯಬಹುದು; ಕಲ್ಲುಸಕ್ಕರೆ ಜೇಬಿನಲ್ಲಿರಲಿ. ತಲೆಸುತ್ತು ಬರುವವರು ಸೈಕಲ್ಲಿನ ಆಸೆ ಬಿಟ್ಟು ಅದೇ ಹಾದಿಯಲ್ಲಿ ನಡೆದರೆ ಸಾಕು. ಆಸನದ ಎತ್ತರವನ್ನು ಮಕ್ಕಳಿಂದ ಸರಿಪಡಿಸಿಕೊಳ್ಳಿ: ಪೆಡಲ್ ಅತಿ ಕೆಳಗಿರುವಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ಆಸನ ತಗ್ಗಿದ್ದರೆ ಮಂಡಿನೋವು ಹೆಚ್ಚುತ್ತದೆ. ಕಾಲುವೆಯ ಹಾದಿ ಮಣ್ಣು, ಜಲ್ಲಿಪುಡಿಯದಾದ್ದರಿಂದ ಮಳೆಯ ಮರುದಿನ ಕೆಸರಿರುತ್ತದೆ. ಅಗಲವಾದ ಟೈರಿನ ಸೈಕಲ್ ಲೇಸು.

ದೂರದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಬೇಡಿ. ಉಸಿರು ಬಾಯಿಗೆ ಬರುವುದೇ ಅರ್ಧಶಕ್ತಿಯ ಗುರುತು ಎಂದು ಸುಶ್ರುತರು ಹೇಳಿದ್ದಾರೆ. ಹೋದಷ್ಟೇ ದೂರ ಮರಳಬೇಕಾದ ಹಾದಿಯಿದು. ಆದ್ದರಿಂದ ಆ ಗುರುತು ಕಾಣುವವರೆಗೆ ಕಾಯದೆ ಬಹಳ ಮೊದಲೇ ತಿರುಗಬೇಕು. ಹೋಗುವಾಗ ಕಾಲುಶಕ್ತಿ, ಬರುವಾಗ ಕಾಲುಶಕ್ತಿ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿನ ಸೆಕೆ ನಮ್ಮ ಕರಾವಳಿಯ ಸೆಕೆಯಂತೆಯೇ ಇರುವುದರಿಂದ ಬೆಳಗಿನ ಹೊತ್ತು ಮಾತ್ರ ಹೊರಡಿ. ಇನ್ನೊಂದು ಮುಖ್ಯ ಸಂಗತಿ: ಆ ಕಾಡುಗಳಲ್ಲಿ ಜಿಂಕೆಗಳಿಂದ ಹರಡುವ ಸಣ್ಣ ಉಣ್ಣೆಗಳಿವೆ, ಅವು ಕಚ್ಚಿದರೆ ಲೈಮ್ ಎಂಬ ರೋಗ ಬರಬಹುದು. ಪೂರ್ಣ ಉಡುಪು ಧರಿಸಿ, ಹುಲ್ಲಿಗೆ ಇಳಿಯದೆ ಹಾದಿಯ ನಡುವೆಯೇ ಸಾಗಿ, ಮನೆಗೆ ಬಂದು ಸ್ನಾನ ಮಾಡುವಾಗ ಮೈಯೆಲ್ಲ ಪರೀಕ್ಷಿಸಿಕೊಳ್ಳಿ. ಮೂರೆಲೆಯ ಬಳ್ಳಿಯೊಂದು ಅಲ್ಲಿ ವಿಪುಲವಾಗಿದೆ; ಬಿಲ್ವವಲ್ಲ, ಮುಟ್ಟಿದರೆ ಚರ್ಮದಲ್ಲಿ ಗುಳ್ಳೆ ಏಳುತ್ತವೆ.

ಅಮೆರಿಕಕ್ಕೆ ಹೋಗದವರ ಗತಿಯೇನು? ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದ ನಮ್ಮ ಭಕ್ತರನ್ನು ಕೇಳಿ. ವೆಂಕಟಾಪುರದಿಂದ ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳಗಳ ಮೂಲಕ ಕೈಲಾಸದ್ವಾರ ಸೇರುವ ನಲ್ಲಮಲ ಕಾಡಿನ ದಾರಿ ಕಲ್ಲುಮುಳ್ಳಿನದಾದರೂ, ದಣಿಸಿದ್ದು ಅದಕ್ಕೂ ಮೊದಲಿನ ಡಾಂಬರು ರಸ್ತೆಯೇ ಎಂದು ಹಲವರು ನನ್ನೊಡನೆ ಹೇಳಿದ್ದಾರೆ. ಆ ವ್ಯತ್ಯಾಸವನ್ನು ಅವರ ಕಾಲುಗಳೇ ಬಲ್ಲವು.

ನಮ್ಮಲ್ಲಿ ನಾಲೆಗಳಿಗೆ ಬರವಿಲ್ಲ. ತುಂಗಭದ್ರಾ ಎಡದಂಡೆ ನಾಲೆಯೊಂದೇ ಇನ್ನೂರು ಕಿ.ಮೀ.ಗೂ ಹೆಚ್ಚು ಉದ್ದವಿದೆ. ಭದ್ರಾ ನಾಲೆಗಳಿವೆ, ವಿಶ್ವೇಶ್ವರಯ್ಯ ನಾಲೆ ಇದೆ. ನೀರು ಹರಿಯುವ ಇಳಿಜಾರು ಅಲ್ಲಿಯೂ ಪೊಟೊಮ್ಯಾಕ್ ದಂಡೆಯಲ್ಲಿರುವಷ್ಟೇ ಮಂದ. ಆದರೆ ನಾಲೆಯ ಏರಿ ಎಂದೊಡನೆ ನಮಗೆ ಹೊಳೆಯುವುದು ವಾಹನಗಳಿಗೆ ಹತ್ತಿರದ ದಾರಿ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನರು ಜಲಸಮಾಧಿಯಾದರು; ಅವರಲ್ಲಿ ಮನೆಗೆ ಮರಳುತ್ತಿದ್ದ ಶಾಲಾಮಕ್ಕಳೂ ಇದ್ದರು. ಆ ಬಳಿಕ ತಡೆಗೋಡೆಯ ಮಾತು ಕೇಳಿಬಂತು. ಏರಿಯ ಮೇಲೆ ವಾಹನವೇ ಬೇಡ ಎಂಬ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ನಾಲೆಯಂಚಿನ ಎಲ್ಲ ದಾರಿಗಳನ್ನೂ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ರೈತರ ಗಾಡಿ, ಟ್ರ್ಯಾಕ್ಟರುಗಳು ಹೊಲಕ್ಕೆ ಹೋಗಲೇಬೇಕು. ಬೇರೆ ರಸ್ತೆಯಿರುವ ಊರುಗಳ ಬಳಿ ನಾಲ್ಕೈದು ಕಿ.ಮೀ. ಏರಿಯನ್ನಾದರೂ ಸೈಕಲ್ಲಿಗೂ ಪಾದಚಾರಿಗೂ ಬಿಡಬಹುದು. ನೀರಿನ ಕಡೆಗೆ ಸೊಂಟದೆತ್ತರದ ಕಟ್ಟೆ, ಹೊಲದ ಕಡೆಗೆ ಹೊಂಗೆ, ಬೇವಿನ ಸಾಲು. ಎರಡು ತುದಿಗೂ ಒಂದೊಂದು ಗೇಟು ಇರಲಿ. ಸೈಕಲ್ ನುಸುಳುವಷ್ಟು ಸಂದು ಬಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನೀರಗಂಟಿಯ ಬಳಿ ಇಡಬಹುದು.